ಕೊಡಲಿಗೆ ಅಂಜಿದ ಜಬೋಟಿಕಾಬಾ

ಗಿಡಕ್ಕೆ ಕಿವಿ ಇಲ್ಲ. ಇಷ್ಟು ಸರಳವಾದ ಸಂಗತಿಯನ್ನು ಒಂದು ಪ್ರಬಂಧದ ಮೊದಲ ವಾಕ್ಯವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಓದುಗರು ನನ್ನನ್ನಲ್ಲ, ನಮ್ಮ ಮನೆಯವರನ್ನು ದೂರಬೇಕು. ಪಾಲಬಾವಿಯ ನಮ್ಮ ತೋಟದ ಮನೆಗೆ ಈಚೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಡುವ ಮೊದಲೇ ಅಂಗಳದ ಜಬೋಟಿಕಾಬಾ ಗಿಡದ ಮುಂದೆ ಅವರನ್ನು ನಿಲ್ಲಿಸಲಾಗುತ್ತದೆ. ಕಾಂಡದ ತುಂಬ ಅಂಟಿಕೊಂಡಂತೆ ಬಿಟ್ಟಿರುವ ಕಪ್ಪು ಹಣ್ಣುಗಳನ್ನು ತೋರಿಸಲಾಗುತ್ತದೆ. ಆಮೇಲೆ, “ಇದು ಕೊಡ್ಲಿಗೆ ಅಂಜಿ ಹಣ್ಣ ಬಿಟ್ಟೈತ್ರಿ” ಎಂಬ ಕತೆಯನ್ನು ಆದ್ಯಂತ ಹೇಳಲಾಗುತ್ತದೆ. ವರ್ಷಗಟ್ಟಲೆ ಒಂದು ಹಣ್ಣನ್ನೂ ಕೊಡದೆ ಗೊಡ್ಡಾಗಿ ನಿಂತಿದ್ದ ಗಿಡ, ಒಂದು ರವಿವಾರ ಮುಂಜಾನೆ ಅಪ್ಪನ ತಮ್ಮ, ನಮ್ಮ ಕಾಕಾ, ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಎದುರು ನಿಂತು “ಕಡೀತೀನಿ” ಅಂದದ್ದೇ ತಡ, ಪ್ರಾಣಭಯದಿಂದ ಮೈತುಂಬ ಹಣ್ಣು ಬಿಟ್ಟಿತಂತೆ. ಬಂದವರು ಈ ಕತೆಯನ್ನು ಪ್ರಶ್ನಿಸುವುದಿಲ್ಲ. “ಹೌದ್ರಿ, ನಮ್ಮ ಸ್ವಾದರಮಾವನ ಹುಣಸಿಗಿಡಕ್ಕೂ ಹಂಗ ಮಾಡಿದ್ರು” ಎಂದು ಒಂದು ಸಾಕ್ಷಿಯನ್ನು ತಮ್ಮ ಕಡೆಯಿಂದಲೂ ಕೊಟ್ಟು, ಹಣ್ಣಿಗೆ ಕೈಚಾಚುತ್ತಾರೆ.

ಚಹಾದ ತಟ್ಟೆ ಹಿಡಿದುಕೊಂಡು ಹಿಂದೆ ನಿಂತ ನಾನು ಹಲ್ಲು ಕಡಿಯುತ್ತೇನೆ. ಕಾನೂನು ಓದುವವಳು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಗಂಟಲು ಹರಿದುಕೊಂಡು ಕಪ್ಪುಗಳನ್ನು ಗೆದ್ದು ತಂದವಳು, ಇಂಥ ಪ್ರತಿಪಾದನೆಯನ್ನು ಕೇಳಿ ಸುಮ್ಮನಿರುವುದು ಸೀನು ತಡೆಹಿಡಿದಷ್ಟೇ ಕಷ್ಟ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಮುಂಜಾನೆಯ ಬಸ್ಸು ಹಾಯ್ದುಹೋದ ಮೇಲೆ ನಮ್ಮ ಆಯಿಗೆ, ಎಂದರೆ ಅಪ್ಪನ ತಾಯಿಗೆ, ಸೀನು ಬರುತ್ತದೆಂದು ಸೀನಿಗೆ ಬಸ್ಸೇ ಕಾರಣವೆನ್ನಲಾದೀತೇ? (ಧೂಳಿನ ಮಾತು ಬೇರೆ, ಉದಾಹರಣೆ ಆರಿಸುವಾಗ ನಾನು ಇನ್ನಷ್ಟು ಎಚ್ಚರ ವಹಿಸಬೇಕಿತ್ತು.) ತರ್ಕದಲ್ಲಿ ಇದಕ್ಕೆ ಕಾಕತಾಳೀಯ ಎನ್ನುತ್ತಾರೆ. ನಮ್ಮ ಮನೆಯಲ್ಲಂತೂ ಕಾಕಾನೂ ಇದ್ದಾನೆ, ಅವನ ಮಾತಿಗೆ ತಾಳ ಹಾಕುವವರೂ ಇದ್ದಾರೆ.

ಮೊದಲು ಪ್ರತಿವಾದಿಯ ಪರಿಚಯವಾಗಲಿ. ಜಬೋಟಿಕಾಬಾ ಎಂಬುದು ಬ್ರೆಜಿಲ್ ದೇಶದ ಗಿಡ. ಪೇರಲದಂಥ ನುಣ್ಣನೆಯ ಕಾಂಡ, ಆಗಾಗ ಸಿಪ್ಪೆ ಸುಲಿದುಕೊಳ್ಳುವ ಸ್ವಭಾವ, ಚಿಗುರಿದಾಗ ನಸುಗೆಂಪು ಎಲೆ. ಇಲ್ಲಿಯತನಕ ಎಲ್ಲವೂ ಸಭ್ಯ. ಆದರೆ ಹಣ್ಣು ಬಿಡುವ ವಿಷಯದಲ್ಲಿ ಇದಕ್ಕೆ ಶಿಷ್ಟಾಚಾರದ ಗಂಧವೇ ಇಲ್ಲ. ಉಳಿದ ಗಿಡಗಳು ಟೊಂಗೆಯ ತುದಿಯಲ್ಲಿ ತೊಟ್ಟು ಇಳಿಬಿಟ್ಟು ಮರ್ಯಾದೆಯಿಂದ ಹಣ್ಣು ತೂಗಿದರೆ, ಇದು ಬುಡದಿಂದ ನೆತ್ತಿಯವರೆಗೆ, ಮೈಯ ಚರ್ಮವನ್ನೇ ಸೀಳಿಕೊಂಡು, ತೊಟ್ಟಿಲ್ಲದ ಕಪ್ಪು ಗುಂಡುಗಳನ್ನು ಹೊರಹಾಕುತ್ತದೆ. ಮೊದಲ ಸಲ ನೋಡಿದ ಆಯಿ, “ಮೈತುಂಬ ನರೂಲಿ ಎದ್ದಂಗ ಆಗೇತಲ್ಲಬೇ” ಎಂದು ಅದಕ್ಕೆ ಔಷಧ ಹುಡುಕುವವಳಂತೆ ಮುಖ ಮಾಡಿದ್ದಳು. ನೆರೆಯ ತೋಟದ ಹೆಣ್ಣುಮಗಳೊಬ್ಬಳು, “ಅಂಟ ಹಚ್ಚಿ ಅಂಟಿಸೀರೇನ್ರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಂದನ್ನು ಜಗ್ಗಿ ಪರೀಕ್ಷಿಸಿದಳು. ರುಚಿಯ ಮಾತು ಹೇಳುವುದಾದರೆ, ದ್ರಾಕ್ಷಿಯೊಂದು ನೇರಳೆಯ ಮನೆಗೆ ಸೊಸೆಯಾಗಿ ಹೋಗಿ ಚೆನ್ನಾಗಿ ಬಾಳಿದರೆ ಹುಟ್ಟಬಹುದಾದ ಮಗುವಿನ ರುಚಿ: ಒಳಗಿನ ಬಿಳಿಯ ತಿರುಳು ತಾಯಿಯಂತೆ ಸಿಹಿ, ಹೊರಗಿನ ದಪ್ಪ ಸಿಪ್ಪೆ ತಂದೆಯಂತೆ ಒಗರು. ಹಲ್ಲಿನ ನಡುವೆ ಮೆಲ್ಲಗೆ ಒತ್ತಿದರೆ ತಿರುಳು ತಾನೇ ಬಾಯೊಳಗೆ ಜಾರುತ್ತದೆ, ಸಿಪ್ಪೆ ಉಗುಳಬೇಕು. ಈ ವಿಧಾನ ತಿಳಿಯದೆ ಇಡೀ ಹಣ್ಣನ್ನು ಕರಕರ ಅಗಿದು, ಮರ್ಯಾದೆಗೆ “ಚಲೋ ಐತ್ರಿ” ಅಂದವರ ಮುಖವನ್ನು ನೋಡುವುದು ನಮ್ಮ ಮನೆಯ ಅಗ್ಗದ ಮನರಂಜನೆ.

ಇನ್ನು ಹೆಸರು. ಜಬೋಟಿಕಾಬಾ ಎಂಬ ಶಬ್ದ ಆಯಿಯ ಬಾಯಲ್ಲಿ ಒಂದು ದಿನವೂ ಒಂದೇ ಆಕಾರದಲ್ಲಿ ನಿಂತದ್ದಿಲ್ಲ. ಊರವರು ‘ಗಿಡದ್ರಾಕ್ಷಿ’ ಎಂದು ಸುಲಭ ಮಾಡಿಕೊಂಡರು. ಅದಕ್ಕೆ ಕಾಕಾನ ಆಕ್ಷೇಪವಿತ್ತು: “ದ್ರಾಕ್ಷಿ ಅನಬ್ಯಾಡ್ರಿ ಅದಕ್ಕ. ದ್ರಾಕ್ಷಿ ಅಂದ್ರ ಏನಂತ ತಿಳಿದೀರಿ?” ದ್ರಾಕ್ಷಿಯೇ ಜಾತಕ, ದ್ರಾಕ್ಷಿಯೇ ಗೋತ್ರ ಎಂದು ಬದುಕಿದ ಮನುಷ್ಯನಿಗೆ ಆ ಹೆಸರನ್ನು ಕಂಡಕಂಡ ಗಿಡಗಳು ಹೊತ್ತು ತಿರುಗುವುದು ಹೇಗೆ ಸಹ್ಯವಾದೀತು?

ಈ ಗಿಡವನ್ನು ತಂದವಳು ಕಾಕಾನ ಹೆಂಡತಿ, ನಮ್ಮ ಕಾಕು. ಅಲಖನೂರು ಅವಳ ತವರು. ವರ್ಷಗಳ ಹಿಂದೆ ನಿಪ್ಪಾಣಿಯಲ್ಲಿ ಯಾವುದೋ ಲಗ್ನಕ್ಕೆ ಹೋದವಳು, ಅಕ್ಷತೆ ಬಿದ್ದಮೇಲೆ ಉಳಿದವರೆಲ್ಲ ಸೀರೆಯಂಗಡಿಗೆ ನುಗ್ಗಿದಾಗ, ತಾನೊಬ್ಬಳೇ ಪಕ್ಕದ ನರ್ಸರಿಗೆ ಹೋಗಿ, ಕಾಂಡದ ತುಂಬ ಹಣ್ಣು ಬಿಟ್ಟ ಚಿತ್ರವೊಂದನ್ನು ನೋಡಿ ಮರುಳಾಗಿ, ಮೊಳದುದ್ದದ ಸಸಿಯೊಂದನ್ನು ಕೊಂಡುಬಿಟ್ಟಳು. ಚಿಕ್ಕೋಡಿ, ರಾಯಬಾಗ ಎಂದು ಬಸ್ಸು ಬದಲಿಸುತ್ತ, ಗಾಳಿ ತಾಗದಂತೆ ಅದನ್ನು ಸೆರಗಿನಲ್ಲಿ ಮುಚ್ಚಿ ತೊಡೆಯ ಮೇಲೆ ಕೂರಿಸಿಕೊಂಡು ಬಂದಳಂತೆ. ಕಂಡಕ್ಟರ್ ಬಗ್ಗಿ ನೋಡಿ, “ಬಾಯಾರ, ಕೂಸಿಂದ ತಿಕೀಟ?” ಅಂದರೆ, “ಇನ್ನೂ ನಡ್ಯಾಕ ಬರೂದಿಲ್ರಿ ಅದಕ್ಕ” ಅಂದಳಂತೆ. ಈ ಭಾಗವನ್ನು ಕಾಕು ತಾನಾಗಿ ಹೇಳುವುದಿಲ್ಲ. ಜೊತೆಗಿದ್ದವರು ಹೇಳಿದಾಗ ನಗುತ್ತಾಳೆ.

ನಡೆಯುವುದಿರಲಿ, ಕೂಸು ಬೆಳೆಯುವುದಕ್ಕೂ ಒಲ್ಲೆ ಅಂದಿತು. ಜಬೋಟಿಕಾಬಾ ಬೆಳೆಯುವ ವೇಗವನ್ನು ನೋಡಿದರೆ ನಮ್ಮ ನ್ಯಾಯಾಲಯಗಳ ಮೇಲೆ ಯಾರಿಗೂ ಸಿಟ್ಟು ಬರಲಾರದು. ಅದರ ಜೊತೆಯಲ್ಲೇ ಹುಟ್ಟಿದ ಕರು ಬೆಳೆದು ತಾನೂ ಕರು ಹಾಕಿತು; ಗಿಡ ಮಾತ್ರ ಗೇಣು ಏರಿತ್ತು. ಮೇಲಾಗಿ ನಮ್ಮದು ಎರೆಮಣ್ಣು. ಈ ಗಿಡಕ್ಕೋ ತುಸು ಹುಳಿಯಾದ ಮಣ್ಣು ಬೇಕು. ಎಲೆ ಹಳದಿಯಾಗತೊಡಗಿದಾಗ ನರ್ಸರಿಯವನನ್ನು ಫೋನಿನಲ್ಲಿ ಹಿಡಿದು ಕೇಳಿಕೊಂಡ ಕಾಕು, ಒಣಗಿದ ಎಲೆ ಕೊಳೆಸಿ ಬುಡಕ್ಕೆ ಹಾಕಿದಳು. ಉಳಿದ ಹುಳಿಮಜ್ಜಿಗೆಯನ್ನು ನೀರಿಗೆ ಬೆರೆಸಿ ಆಗಾಗ ಉಣಿಸತೊಡಗಿದಳು. ಬೇಸಿಗೆಯಲ್ಲಿ ಬುಡ ಆರದಂತೆ ನೋಡಿಕೊಂಡಳು. “ಆ ಮಜ್ಜಿಗಿ ದನಕ್ಕ ಹಾಕಿದ್ರ ಹಾಲರೆ ಬರತಿತ್ತು” ಎಂದು ಕಾಕಾ ಗೊಣಗಿದರೆ, “ದನ ನಿಮ್ಮವ್ರಿ, ಮಜ್ಜಿಗಿ ನಂದು” ಎಂದು ಅವಳ ಉತ್ತರ. ಮಧ್ಯಾಹ್ನ ಒಂದಿಷ್ಟು ಹೊತ್ತು ಸಿಕ್ಕರೆ ಬ್ರೆಜಿಲ್ಲಿನ ಯಾರಾರೋ ತಮ್ಮ ಹಿತ್ತಲಲ್ಲಿ ಈ ಹಣ್ಣು ಕೀಳುವ ವಿಡಿಯೋಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೂರುವಳು. ಅವರ ಭಾಷೆ ಒಂದಕ್ಷರವೂ ತಿಳಿಯದು. “ಏನ್ ತಿಳೀತು ಕಾಕು?” ಎಂದು ಕೆಣಕಿದರೆ, “ಅಲ್ಲ್ಯೂ ಹೆಂಗಸರು ಕೀಳತಾರ, ಗಂಡಸರು ನಿಂತ ಶಾಣೇತನ ಹೇಳತಾರ” ಅನ್ನುವಳು.

ತೋಟದಲ್ಲಿ ಉಳಿದದ್ದೆಲ್ಲ ಕಾಕಾನ ಲೆಕ್ಕಾಚಾರದ ಪ್ರಕಾರ ನೆಟ್ಟದ್ದು. ಯಾವ ಸಾಲಿನಲ್ಲಿ ಕಬ್ಬು, ಎಲ್ಲಿ ದ್ರಾಕ್ಷಿಯ ಬಾಗ, ಎಂದರೆ ದ್ರಾಕ್ಷಿತೋಟ, ಬದುವಿನ ಮೇಲೆ ಯಾವ ತೆಂಗು, ಎಲ್ಲ ಅವನ ತಲೆಯಿಂದಲೇ ಹುಟ್ಟಿದ್ದು. ಇದೊಂದೇ ಕಾಕು ತನ್ನ ಮನಸ್ಸಿಗೆ ಬಂದಂತೆ ತಂದು ನೆಟ್ಟ ಗಿಡ. ಹೀಗಾಗಿ ಯಾರಾದರೂ “ನಿಮ್ಮ ಗಿಡ ಗೊಡ್ಡ ಐತೇನ್ರಿ?” ಅಂದಾಗಲೆಲ್ಲ ಆ ‘ನಿಮ್ಮ’ ಎಂಬುದು ಅವಳೊಬ್ಬಳಿಗೇ ಸೇರುತ್ತಿತ್ತು. ಅವಳು ಒಳಗೆ ಹೋಗಿ ಇಲ್ಲದ ಕೆಲಸ ಹುಡುಕುತ್ತಿದ್ದಳು.

ಈಗ ಕಾಕಾನ ಬಗ್ಗೆ ನ್ಯಾಯವಾಗಿ ಮಾತಾಡಬೇಕು, ಯಾಕೆಂದರೆ ಅವನು ಸಾಮಾನ್ಯ ಮನುಷ್ಯನಲ್ಲ. ಕುಡಚಿ ಕಡೆಯಿಂದ, ಅಥಣಿ ಕಡೆಯಿಂದ ದ್ರಾಕ್ಷಿ ಬೆಳೆಗಾರರು ಪ್ಲಾಸ್ಟಿಕ್ ಚೀಲದಲ್ಲಿ ರೋಗದ ಎಲೆ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ಕಾಕಾ ಎಲೆಯನ್ನು ಬೆಳಕಿಗೆ ಹಿಡಿದು, ತಿರುವಿ, ಮೂಸಿ, ಇಂಥದೇ ರೋಗ, ಇಂಥದೇ ಔಷಧ ಎಂದು ಹೇಳಿದನೆಂದರೆ ಮುಗಿಯಿತು, ಮೇಲ್ಮನವಿಗೆ ಅವಕಾಶವಿಲ್ಲ. ಅವನ ಆಜನ್ಮ ಶತ್ರು ಒಂದೇ: ಮಿಲಿಬಗ್. ಬಳ್ಳಿಯ ಸಿಪ್ಪೆಯ ಸಂದಿಯಲ್ಲಿ ಹತ್ತಿಯ ಎಳೆಯಂತೆ ಬೆಳ್ಳಗೆ ಅಡಗಿ ಕೂತು, ಗೊನೆಗೆ ಇಳಿದು, ಇಡೀ ಬಾಗವನ್ನು ಅಂಟಂಟು ಮಾಡಿ ಹಾಳುಗೆಡಹುವ ಹುಳ. ಅದಕ್ಕೆಂದೇ ದ್ರಾಕ್ಷಿಯವರು ಚಾಟಣಿ, ಎಂದರೆ ಬಳ್ಳಿ ಸವರುವ ಕೆಲಸ, ಮಾಡುವ ಹೊತ್ತಿನಲ್ಲಿ ಬಳ್ಳಿಯ ಕಾಂಡದ ಸಡಿಲ ಸಿಪ್ಪೆಯನ್ನೆಲ್ಲ ಸುಲಿದು, ಗೋಣಿತಟ್ಟಿನಿಂದ ತಿಕ್ಕಿ ಸ್ವಚ್ಛ ಮಾಡುತ್ತಾರೆ. ಈ ಕೆಲಸ ಮಾಡಿ ಮಾಡಿ ಕಾಕಾನಿಗೆ ಬಿಳಿಯದು ಕಂಡರೆ ಕೈ ತಡೆಯದಂತಾಗಿತ್ತು. ಮನೆಯ ಗೋಡೆಯ ಸುಣ್ಣವನ್ನೂ ಅವನು ಒಮ್ಮೊಮ್ಮೆ ಅನುಮಾನದಿಂದ ನೋಡುವುದುಂಟು. ಕಾಕುವಿನ ಗಿಡದ ಮೈಮೇಲೆ ವರ್ಷವರ್ಷವೂ ಮಳೆಯ ಆರಂಭಕ್ಕೆ ಅಲ್ಲಲ್ಲಿ ಬೆಳ್ಳನೆ ಹತ್ತಿಯಂಥದು ಕಾಣಿಸಿಕೊಳ್ಳುತ್ತಿತ್ತು. ಕಾಕಾ ತಡಮಾಡದೆ ಸಾಬೂನು ನೀರಿನಲ್ಲಿ ಗೋಣಿತಟ್ಟು ಅದ್ದಿ, ಪೈಲವಾನನ ಮೈತಿಕ್ಕುವಂತೆ ಬುಡದಿಂದ ನೆತ್ತಿಯವರೆಗೆ ತಿಕ್ಕಿ ಮಿಂಚಿಸುತ್ತಿದ್ದ. “ಇಷ್ಟ ಸೇವಾ ಯಾರ ಮಾಡ್ಯಾರು? ಆದ್ರೂ ಒಂದ್ ಹಣ್ಣಿಲ್ಲ ಹಲಕಟ್ಟ ಗಿಡಕ್ಕ” ಎಂದು ಆಮೇಲೆ ಬೈಯುತ್ತಿದ್ದ.

ಈ ವರ್ಷ ವಿಷಯ ಬಿಗಡಾಯಿಸಿತು. ಔಷಧ ಹೊಡೆಯುವ ಯಂತ್ರ ಜೋಡಿಸಿದ ಹೊಸ ಟ್ರ್ಯಾಕ್ಟರ್ ಬಂತು. ಅದು ಅಂಗಳದಲ್ಲಿ ಹೊರಳಬೇಕಾದ ಜಾಗದ ನಟ್ಟನಡುವೆ ಗಿಡ. ಪ್ರತಿಸಲವೂ ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ ಎಂದು ಕಸರತ್ತು ಮಾಡಿ ಬೆವತು ಇಳಿದ ಕಾಕಾ ಒಂದು ದಿನ ಊಟಕ್ಕೆ ಕೂತಾಗ, “ಅದನ್ನ ತಗದಬಿಡೂನು” ಅಂದ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಡಿತ ಮಾತ್ರ ಜೋರಾಯಿತು. ಆಗ ಆಯಿ ಅಂದಳು: “ಸುಮ್ಮ ಹ್ಯಾಂಗ ಕಡೀತಿ? ಪೈಲೇ ಅಂಜಿಸಿ ನೋಡಬೇಕು. ಒಬ್ಬರು ಕೊಡ್ಲಿ ಹಿಡದ ಕಡೀತೀನಿ ಅನಬೇಕು, ಒಬ್ಬರು ಬ್ಯಾಡ ಅಂತ ಬೇಡ್ಕೋಬೇಕು. ಗಿಡ ಕೇಳಿಸ್ಕೋತೈತಿ.”

ಈ ಪದ್ಧತಿ ನಮ್ಮ ಕಡೆ ಹೊಸತಲ್ಲ. ಗೊಡ್ಡು ಗಿಡದ ಮುಂದೆ ಇಬ್ಬರು ನಿಂತು ಎರಡು ಮಾತಿನ ಆಟ ಆಡುತ್ತಾರೆ. ಕೊಡಲಿಯನ್ನು ಕಾಂಡಕ್ಕೆ ಹಗುರಾಗಿ ಮುಟ್ಟಿಸುತ್ತಾರೆ. ಅರಿಷಿಣ ಕುಂಕುಮ ಹಚ್ಚಿ ಮನೆಗೆ ಹೋಗುತ್ತಾರೆ. ಕೊಡಲಿ ಹಿಡಿದವನಿಗೆ ಕಡಿಯುವ ಮನಸ್ಸು ಇರುವುದಿಲ್ಲ ಎಂಬುದೇ ಆಟದ ಆಧಾರ. ನಮ್ಮಲ್ಲಿ ತೊಡಕಾದದ್ದು ಅಲ್ಲೇ: ಕೊಡಲಿ ಹಿಡಿಯುವವನಿಗೆ ನಿಜವಾಗಿಯೂ ಕಡಿಯಬೇಕಾಗಿತ್ತು. ಹಾಗಾದರೆ ಬೇಡ ಅನ್ನುವವರೂ ನಿಜವಾಗಿಯೇ ಗೆಲ್ಲಬೇಕು. ಪರೀಕ್ಷೆ ಮುಗಿಸಿ ಫಲಿತಾಂಶದ ದಾರಿ ಕಾಯುತ್ತ ತೋಟಕ್ಕೆ ಬಂದು ಬಿದ್ದಿದ್ದ ನನ್ನ ಕಡೆಗೆ ಕಾಕುವಿನ ದೃಷ್ಟಿ ಹೊರಳಿತು.

ಶನಿವಾರ ಸಂಜೆ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದೆವು. “ಗಿಡದ ಪರವಾಗಿ ನೀ ನಿಂದ್ರು” ಅಂದಳು.

“ಕಾಕು, ನನಗ ಇದರಾಗ ನಂಬಿಕಿ ಇಲ್ಲ.”

“ನಂಬಿಕಿ ಯಾರ ಕೇಳ್ಯಾರ ನಿನಗ? ಮಾತ ಕೇಳೇನಿ. ಕಪ್ ಗೆದ್ದಿಯಲಾ, ಒಂದ್ ಗಿಡಾ ಗೆಲ್ಲಾಕ ಆಗೂದಿಲ್ಲೇನ?”

ನಂಬದ ವಿಷಯದ ಪರವಾಗಿ ಗಂಟೆಗಟ್ಟಲೆ ಮಾತಾಡಿಯೇ ನಾನು ಕಪ್ಪು ಗೆದ್ದದ್ದು. ಆಮೇಲೆ ಕಾಕು ಅದು ಕೇಳು, ಇದು ಕೇಳು ಎಂದು ಒಂದೆರಡು ಸಲಹೆಗಳನ್ನೂ ಕೊಟ್ಟಳು. ವಕೀಲರು ಕಕ್ಷಿಗಾರರ ಮಾತನ್ನು ಕೇಳಿಸಿಕೊಳ್ಳುವಂತೆ, ಎಂದರೆ ಅರ್ಧ ಕಿವಿಯಿಂದ, ಕೇಳಿಸಿಕೊಂಡೆ. ನನ್ನ ತಲೆ ಆಗಲೇ ಪೀಠಿಕೆಯನ್ನು ಹೊಸೆಯುತ್ತಿತ್ತು.

ರವಿವಾರ ಮುಂಜಾನೆ ನ್ಯಾಯಾಲಯ ಸೇರಿತು. ಆಯಿ ಕುರ್ಚಿಯ ಮೇಲೆ, ಕಾಕು ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ, ಕಾಕಾ ಕೊಡಲಿ ಸಮೇತ. “ಎಷ್ಟ ವರ್ಷ ಆತ? ಒಂದ್ ಹಣ್ಣಿಲ್ಲ, ಒಂದ್ ಕಾಯಿಲ್ಲ. ಟ್ಯಾಕ್ಟರ್ ಹೊಳ್ಳಿಸಾಕ ಜಾಗಾ ಇಲ್ಲ. ಇವತ್ತ ಕಡದ ಬಿಡತೀನಿ” ಎಂದು ಅವನು ಗಿಡಕ್ಕೂ ನನಗೂ ಸಮನಾಗಿ ಕೇಳುವಂತೆ ಹೇಳಿದ. ಅದರಲ್ಲಿ ಅಭಿನಯ ಎಳ್ಳಷ್ಟೂ ಇರಲಿಲ್ಲ.

ನಾನು ಗಂಟಲು ಸರಿಪಡಿಸಿಕೊಂಡೆ. “ಸನ್ಮಾನ್ಯ ನಿರ್ಣಾಯಕರೇ, ಆರೋಪಿಯು ಮೂಕಜೀವಿಯಾಗಿರುವುದರಿಂದ ಸಹಜ ನ್ಯಾಯದ ತತ್ವದ ಪ್ರಕಾರ...”

“ಯವ್ವಾ” ಎಂದು ಆಯಿ ತಡೆದಳು, “ಗಿಡಕ್ಕ ತಿಳಿಯೂ ಹಂಗ ಮಾತಾಡ.”

ಪೀಠಿಕೆ ಅಲ್ಲಿಗೇ ನೆಲಕಚ್ಚಿತು. “ಕಾಕಾ, ಫಲ ಕೊಡಲಿಲ್ಲ ಅಂತ ಕಡಿಯೂದಾದ್ರ ಈ ಮನ್ಯಾಗ ಯಾರ ಉಳೀತಾರ? ನಾ ಇಷ್ಟ ವರ್ಷ ಓದಾಕತ್ತೀನಿ, ಏನ್ ಫಲ ಕೊಟ್ಟೀನಿ?”

“ಅದನೂ ವಿಚಾರ ಮಾಡಾಕತ್ತೀನಿ” ಅಂದ ಕಾಕಾ.

“ಟ್ಯಾಕ್ಟರ್ ಹೊಳ್ಳೂದಿಲ್ಲ ಅಂದ್ರ ಅದು ಗಿಡದ ತಪ್ಪಲ್ಲ. ಟ್ಯಾಕ್ಟರಿಂದರೆ ತಪ್ಪು, ಇಲ್ಲ ಹೊಳ್ಳಿಸಾವಂದು.”

“ಡ್ರೈವಿಂಗಿನ ಮ್ಯಾಲ ಬರಬ್ಯಾಡ ನೋಡ ವಕೀಲಬಾಯಿ!”

ಕೊಡಲಿ ಹೆಗಲಿನಿಂದ ಕೈಗೆ ಬಂತು. ಕಾಕುವಿನ ಮುಖ ನೋಡಿದೆ. ಅವಳು ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅಲ್ಲಿಯತನಕ ತಮಾಷೆಯಾಗಿದ್ದದ್ದು ಆ ಕ್ಷಣಕ್ಕೆ ತಮಾಷೆಯಾಗಿ ಉಳಿಯಲಿಲ್ಲ. ಅಂಕಗಳಿಲ್ಲದ, ಗಂಟೆ ಬಾರಿಸುವವರಿಲ್ಲದ ಚರ್ಚೆಯಲ್ಲಿ ನಾನು ಮೊದಲ ಬಾರಿ ನಿಂತಿದ್ದೆ, ಮತ್ತು ಸೋತರೆ ನನ್ನದೇನೂ ಹೋಗುತ್ತಿರಲಿಲ್ಲ. ಹೋಗುವುದು ಇನ್ನೊಬ್ಬರದು. “ಕಾಕಾ, ನಿನಗ ಬೇಡ್ಕೋತೀನಿ” ಅಂದೆ. ಇದು ಯಾವ ತರಬೇತಿಯಲ್ಲೂ ಕಲಿಸದ ವಾಕ್ಯ. “ಈ ಮಳಿಗಾಲ ಒಂದ್ ಮುಗೀಲಿ. ಅಲ್ಲೀತನಕ ಇದಕ್ಕ ಕೊಡ್ಲಿ ಅಷ್ಟ ಅಲ್ಲ, ಕೈಸೈತ ಹಚ್ಚಂಗಿಲ್ಲ. ತಿಕ್ಕೂದು, ತೊಳಿಯೂದು, ಔಷಧಾ ಹೊಡಿಯೂದು, ಏನೂ ಇಲ್ಲ. ಆಮ್ಯಾಲೂ ಹಣ್ಣ ಬರಲಿಲ್ಲಂದ್ರ ನಾನ ಕೊಡ್ಲಿ ತಂದ ಕೊಡತೀನಿ.”

ಆಯಿ, “ಬರೋಬ್ಬರಿ ಐತಿ” ಅಂದಳು. ಕಾಕಾ ಕೊಡಲಿಯ ಹಿಂಬದಿಯನ್ನು ಕಾಂಡಕ್ಕೆ ಮೆಲ್ಲಗೆ ಮುಟ್ಟಿಸಿದ. “ಆತು. ಮಳಿಗಾಲ ಮುಗಿಯೂತನಕ. ಹಚ್ಚಂಗಿಲ್ಲ ಅಂದ್ರ ಹಚ್ಚಂಗಿಲ್ಲ.” ಕಾಕು ಬಂದು ಗಿಡಕ್ಕೆ ಕುಂಕುಮ ಹಚ್ಚಿದಳು, ಉಳಿದದ್ದನ್ನು ನನ್ನ ಹಣೆಗೂ ಹಚ್ಚಿದಳು.

ಮಳೆ ಬಂತು. ಮಳೆಯ ಹಿಂದೆಯೇ, ಗಿಡದ ಕಾಂಡದ ಮೇಲೆ ಅಲ್ಲೊಂದು ಇಲ್ಲೊಂದು ಬೆಳ್ಳನೆ ಹತ್ತಿ. ಆ ದಿನಗಳ ಕಾಕಾನ ಅವಸ್ಥೆಯನ್ನು ನೆನೆದರೆ ಈಗಲೂ ಅಯ್ಯೋ ಅನಿಸುತ್ತದೆ. ಗೋಣಿತಟ್ಟು ಕೈಗೆತ್ತಿಕೊಳ್ಳುವನು, ಅಂಗಳಕ್ಕೆ ಇಳಿಯುವನು, ಕೊಟ್ಟ ಮಾತು ನೆನಪಾಗಿ ನಿಲ್ಲುವನು. “ಆಯಿ, ಮಿಲಿಬಗ್ ಐತಿ. ನಾಳಿ ಬಾಗಕ್ಕ ಹೊಕ್ಕರ ಯಾರ ಕೇಳಾವ್ರು? ಒಂದ್ ಸಲಾ ತಿಕ್ಕತೀನಿ.” ಆಯಿ ಕೂತಲ್ಲಿಂದಲೇ, “ಗಿಡದ ಮುಂದ ಮಾತ ಕೊಟ್ಟಿ ಬಾಳ್ಯಾ” ಎಂದು ಮಗನನ್ನು ಹೆಸರು ಹಿಡಿದು ಎಚ್ಚರಿಸುವಳು. ಅವನ ಭಯ ಹುಸಿಯಲ್ಲ. ಅವನ ಬಾಗ ಅಂಗಳದ ಬದುವಿಗೇ ಹತ್ತಿಕೊಂಡಿದೆ. ಆದರೂ ಕೈ ಹಚ್ಚಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಂಧಿತ ಸೇನಾಪತಿಯಂತೆ, ಶತ್ರುವಿನ ಮುಂದೆ ಅಡ್ಡಾಡಿದ. ಬಿಳುಪು ದಿನದಿನಕ್ಕೆ ಏರಿತು. ಒಂದು ಮುಂಜಾನೆ ನೋಡಿದರೆ ಬುಡದಿಂದ ಟೊಂಗೆಯವರೆಗೆ ಇಡೀ ಗಿಡ ಕೆನೆ ಮೆತ್ತಿದಂತೆ ಬೆಳ್ಳಗಾಗಿತ್ತು, ಮತ್ತು ಅಂಗಳದ ತುಂಬ ಜೇನುಹುಳಗಳ ಗುಂಯ್ ಸದ್ದು.

ಮಿಲಿಬಗ್ಗಿಗೆ ಜೇನು ಮುತ್ತುವುದಿಲ್ಲ. ಇದನ್ನು ಕಾಕಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ಕಾಂಡಕ್ಕೆ ತಾಗುವಷ್ಟು ಬಾಗಿದ. ಮೂಸಿದ. ಸಣ್ಣ ಸಣ್ಣ ಎಳೆಗಳ ಬಿಳಿ ಹೂ. ವರ್ಷವರ್ಷವೂ ಸಾಬೂನು ನೀರು ಹಾಕಿ ತಾನೇ ಸೇವೆ ಮಾಡಿ ತಿಕ್ಕಿ ತೆಗೆದದ್ದು ಇದೇ ಹೂವನ್ನು. ಊರೂರಿನ ಎಲೆಗಳಿಗೆ ರೋಗ ಹೇಳುವ ಮನುಷ್ಯ, ತನ್ನ ಅಂಗಳದ ಹೂವನ್ನು ಹುಳ ಅಂದುಕೊಂಡಿದ್ದ. ದ್ರಾಕ್ಷಿಯ ಮನುಷ್ಯನಲ್ಲದಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಕಾಂಡದ ಮೇಲೆ ಬೆಳ್ಳಗೆ ಕಂಡದ್ದು ಹೂವಾಗಿರಬಹುದೆಂದು ದ್ರಾಕ್ಷಿಯ ಲೋಕದಲ್ಲಿ ಯಾರೂ ಕನಸು ಕಾಣುವುದಿಲ್ಲ. ನಾನು ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಕಂಡೆ. ಕಾಕು ನಳದ ಕೆಳಗೆ ಪಾತ್ರೆ ತಿಕ್ಕುತ್ತಿದ್ದಳು, ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡುತ್ತ. ತಲೆ ಎತ್ತಲಿಲ್ಲ.

ಕಾಕಾ ಕನ್ನಡಕ ಜೇಬಿಗೆ ಹಾಕಿಕೊಂಡ. ಗೋಣಿತಟ್ಟನ್ನು ನೀಟಾಗಿ ಮಡಚಿ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಇಟ್ಟ. ಅವತ್ತು ಮಧ್ಯಾಹ್ನ ಟ್ರ್ಯಾಕ್ಟರು ದನದ ಕೊಟ್ಟಿಗೆಯ ಹಿಂದಿನ ದೂರದ ದಾರಿಯಿಂದ ಸುತ್ತಿ ಬಂತು. ಅಲ್ಲಿಂದ ಇವತ್ತಿನವರೆಗೂ ಅದರ ದಾರಿ ಅದೇ.

ಹೂ ಉದುರಿ ಹಸಿರು ಮಣಿಗಳಾದವು, ಮಣಿಗಳಿಗೆ ನೇರಳೆಯ ಛಾಯೆ ಬಂತು, ಆಮೇಲೆ ಕರ್ರಗೆ ಹೊಳೆಯತೊಡಗಿದವು. ಇಲ್ಲೊಂದು ಸಂಯಮದ ಪರೀಕ್ಷೆ ಇದೆ: ಕಿತ್ತ ಮೇಲೆ ಇದು ಹಣ್ಣಾಗುವುದಿಲ್ಲ. ಬಣ್ಣ ಕಂಡು ಅವಸರಪಟ್ಟರೆ ಒಗರು. ಬೆರಳಿಗೆ ಮೆತ್ತಗೆ ತಾಗುವವರೆಗೆ ಕಾದರೆ ಸಕ್ಕರೆ. ಹೆಚ್ಚು ಕಾದರೆ ಪಿಕಳಾರ ಹಕ್ಕಿಗಳೂ ಇರುವೆಗಳೂ ನಮಗಿಂತ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ. ಹಕ್ಕಿಗಳಿಗೆ ಅಂಜಿ ಕಾಕು ತನ್ನ ಹಳೆಯ ಸೀರೆಯನ್ನು ಕಾಂಡಕ್ಕೆ ಸುತ್ತಿದಳು. ಮರುದಿನ ನೋಡಿದರೆ ಸೀರೆಯ ಮೇಲೆ ದ್ರಾಕ್ಷಿ ಬಾಗದ ಹೊಸ ಬಲೆ ಬಂದು ಕೂತಿತ್ತು. ಯಾರು ಹಾಕಿದರು ಎಂದು ಯಾರೂ ಕೇಳಲಿಲ್ಲ. ಹಣ್ಣನ್ನು ಜಗ್ಗಬಾರದು, ಮೆಲ್ಲಗೆ ತಿರುವಬೇಕು. ಜಗ್ಗಿದರೆ ಕಾಂಡದ ಸಿಪ್ಪೆಯೂ ಬರುತ್ತದೆ, ಮುಂದಿನ ಹೂವಿಗೆ ಅಲ್ಲಿ ಜಾಗವಿರುವುದಿಲ್ಲ. ಬುಡದ ಹಣ್ಣು ಕೂತಲ್ಲೇ ಕೈಗೆಟುಕುವುದರಿಂದ ಆಯಿಯ ಪಾಲು, ನಡುವಿನದು ಕಾಕುವಿನದು, ನೆತ್ತಿಯದು ನನ್ನದು. ಒಣದ್ರಾಕ್ಷಿಯ ವ್ಯವಹಾರಕ್ಕೆ ಬಂದಿದ್ದ ಕುಡಚಿಯ ವ್ಯಾಪಾರಿಯೊಬ್ಬ ನಾಲ್ಕು ತಿಂದು ನೋಡಿ, “ಮಾಲ ಅಗದೀ ಚಲೋ ಐತ್ರಿ. ಆದ್ರ ನಾಳಿಗಿ ಹುಳಿ, ನಾಡದ ಹೆಂಡ. ಮಾರಾಕ ಬರೂದಿಲ್ಲ ಬಿಡ್ರಿ” ಅಂದ. ಅವನ ಮಾತು ಖರೆ. ಈ ಹಣ್ಣು ಕಿತ್ತ ಮೇಲೆ ನಿಲ್ಲುವುದಿಲ್ಲ. “ಮಾರಾಕ ಯಾರ ಇಟ್ಟಾರ್ರಿ?” ಎಂದ ಕಾಕಾ, ಅದುವರೆಗೆ ನಾನು ಕೇಳಿರದ ಒಂದು ಬಿಗುಮಾನದಿಂದ, “ಅದು ನಮ್ಮ ಮನ್ಯಾಕೀ ಗಿಡ.”

ಮಾರಲು ಬಾರದ್ದಕ್ಕೇ ಹಂಚಬೇಕಾಯಿತು, ಹಂಚಬೇಕಾದ್ದಕ್ಕೇ ಜನ ಬಂದರು, ಜನ ಬಂದದ್ದಕ್ಕೇ ಕತೆ ಹುಟ್ಟಿತು. ನಾನು ಇಲ್ಲಿಯತನಕ ಮರೆಮಾಚಿದ ಒಂದು ಸಂಗತಿಯನ್ನು ಈಗ ಹೇಳಬೇಕು. ಗಿಡ ಕೊಡಲಿಗೆ ಅಂಜಿತೆಂಬ ಕತೆಯನ್ನು ಎಲ್ಲರಿಗಿಂತ ಜೋರಾಗಿ ಹೇಳುವವನು ಆಯಿಯಲ್ಲ, ಕಾಕಾ. “ನಾ ಹಿಂಗ ಕೊಡ್ಲಿ ಎತ್ತೀನ್ರಿ, ಎಲಿ ಗಡಗಡ ನಡಗಿದ್ವು” ಎಂದು ಅವನು ಕೈಯೆತ್ತಿ ತೋರಿಸುತ್ತಾನೆ. ಮೊನ್ನೆ ಅಥಣಿಯಿಂದ ಬಂದವರ ಮುಂದೆ ಎಲೆಗಳ ಜೊತೆ ಬೇರೂ ನಡುಗಿತು. ನನ್ನ ಸಂಯಮದ ಕಟ್ಟೆ ಒಡೆಯಿತು. “ಹಂಗಲ್ರೀ ಅದು, ಖರೆ ಕಾರಣ ಏನಂದ್ರ...” ಎಂದು ಬಾಯಿ ತೆರೆದದ್ದೇ ತಡ, ತೆರೆದ ಬಾಯಿಗೆ ಒಂದು ಹಣ್ಣು ಬಂದು ಬಿತ್ತು. ಕಾಕು. “ತಿನ್ನ, ಇದು ಭಾಳ ಸಿಹಿ ಐತಿ” ಅಂದಳು, ನನ್ನ ಕಡೆ ನೋಡದೆ. ಅದರ ಹಿಂದೆ ಇನ್ನೊಂದು. ಚರ್ಚಾಪಟುವನ್ನು ಸೋಲಿಸಲು ಇದಕ್ಕಿಂತ ಸುಲಭದ ಉಪಾಯವನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.

ಬಾಯಲ್ಲಿ ಹಣ್ಣಿದ್ದಾಗ ಮನುಷ್ಯ ಅನಿವಾರ್ಯವಾಗಿ ವಿಚಾರ ಮಾಡುತ್ತಾನೆ. ಚರ್ಚೆಯಲ್ಲಿ ನಾನು ಕಲಿತ ವಿದ್ಯೆಯ ಮೊದಲ ನಿಯಮ, ಒಬ್ಬರು ಗೆಲ್ಲಬೇಕಾದರೆ ಇನ್ನೊಬ್ಬರು ಸೋಲಬೇಕು. ಸೋತದ್ದು ಸಭೆಗೆಲ್ಲ ಕಾಣಬೇಕು. ಆ ನಿಯಮದ ಪ್ರಕಾರ ಯಾರಾದರೂ ಕಾಕಾನಿಗೆ ನೇರವಾಗಿ, “ನೀ ತಿಕ್ಕಿ ತೆಗೆಯುತ್ತಿರುವುದು ಹೂವು” ಅಂದಿದ್ದರೆ ಏನಾಗುತ್ತಿತ್ತು? ಮಾತು ಸತ್ಯವೇ ಆಗಿರುತ್ತಿತ್ತು. ಅವನು ಒಪ್ಪದೆ ಇನ್ನೊಂದು ಸಲ ತಿಕ್ಕುತ್ತಿದ್ದ. ಅಥವಾ ಒಪ್ಪಿ, ಕಟ್ಟೆಯ ಮೇಲೆ ಎಲೆ ಹಿಡಿದು ಕೂತವರ ಎದುರು ತನ್ನ ಕಣ್ಣಿನ ಮೇಲೆ ಭರವಸೆಯಿಟ್ಟು ಮತ್ತೆ ಕೂರಲಾರದೆ ಹೋಗುತ್ತಿದ್ದ. ಕೊಡಲಿಯ ಆಟದಲ್ಲಾದರೋ ಯಾರೂ ಸೋಲಲಿಲ್ಲ. ಕಾಕಾ ಗಿಡವನ್ನು ಅಂಜಿಸಿ ಗೆದ್ದ, ಆಯಿಯ ಪದ್ಧತಿ ಗೆದ್ದಿತು, ನಾನು ವಾದ ಗೆದ್ದೆ, ಗಿಡ ಬದುಕಿತು. ಗಿಡಕ್ಕೆ ಕಿವಿ ಇಲ್ಲವೆಂಬ ನನ್ನ ಮೊದಲನೆಯ ಅಂಶಕ್ಕೆ ನಾನು ಈಗಲೂ ಬದ್ಧಳು. ಆದರೆ ಆ ಮುಂಜಾನೆ ಅಂಗಳದಲ್ಲಿ ಕಿವಿ ಇದ್ದವರು ಬೇರೆ ಯಾರೂ ಇರಲಿಲ್ಲವೆಂದು ನಾನೆಲ್ಲಿ ಹೇಳಿದೆ?

ಇವತ್ತು ಮುಂಜಾನೆ ಕಾಕುವಿನ ಜೊತೆ ಕೊನೆಯ ಹಣ್ಣುಗಳನ್ನು ಬಿಡಿಸುತ್ತಿದ್ದೆ. ಬಲೆ ಸರಿಸಿ, ಒಂದೊಂದನ್ನೇ ತಿರುವಿ, ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ಅವಳ ಬೆರಳು ಬುಡದ ಹತ್ತಿರ ಒಂದು ಕಡೆ ನಿಂತಿತು: ಮತ್ತೆ ಅಲ್ಲೊಂದು ಬಿಳಿಯ ಚುಕ್ಕೆ. ಮಳೆ ಜೋರಿದ್ದರೆ ಈ ಗಿಡ ಒಂದೇ ವರ್ಷದಲ್ಲಿ ಇನ್ನೊಮ್ಮೆ ಹೂ ಬಿಡುತ್ತದಂತೆ. ಕಾಕು ಅದನ್ನು ಮುಟ್ಟದೆ, ಪಕ್ಕದ ಹಣ್ಣನ್ನಷ್ಟೇ ತಿರುವಿ ತೆಗೆದಳು. ಆ ಬೆರಳಿಗೆ ಅಂಥ ಹೂ ಹೊಸದಾಗಿರಲಿಲ್ಲ. ಆಗ ನನಗೆ ಬಳ್ಳೊಳ್ಳಿಯ ಆ ಸಂಜೆ ನೆನಪಾಯಿತು. ಅರ್ಧ ಕಿವಿಯಿಂದ ಕೇಳಿಸಿಕೊಂಡು, ಮರುದಿನ ನನ್ನದೇ ವಾಗ್ವೈಭವವೆಂದು ಬೀಗಿದ ಆ ಮಾತೂ ನೆನಪಾಯಿತು. “ಕೊಡ್ಲಿ ಅಷ್ಟ ಅಲ್ಲ, ಕೈಸೈತ ಹಚ್ಚಂಗಿಲ್ಲ ಅನ್ನು” ಅಂದವಳು ಅವಳು. ತಿಕ್ಕೂದು, ತೊಳಿಯೂದು ಎಂಬುದನ್ನು ಸೇರಿಸಿ ಹೇಳಿದವಳೂ ಅವಳೇ. ಮಧ್ಯಾಹ್ನ ಮಧ್ಯಾಹ್ನ ಮೊಬೈಲಿನಲ್ಲಿ ಬ್ರೆಜಿಲ್ಲಿನ ಹಿತ್ತಲುಗಳನ್ನು ನೋಡಿದವಳು ಅಲ್ಲಿ ಹಣ್ಣುಗಳನ್ನಷ್ಟೇ ನೋಡಿದ್ದಳೇ, ಕಾಂಡದ ಬಿಳಿ ಹೂವನ್ನು ನೋಡಿರಲಿಲ್ಲವೇ?

ಕೊಟ್ಟಿಗೆಯ ಹಿಂದಿನಿಂದ ಟ್ರ್ಯಾಕ್ಟರು ಸುತ್ತಿ ಬರುವ ಸದ್ದು ಕೇಳಿಸಿತು. ಕಾಕು ಒಂದು ಹಣ್ಣನ್ನು ಆರಿಸಿ ನನ್ನ ಬಾಯಿಯ ಕಡೆಗೆ ಎತ್ತಿದಳು. ಈ ಸಲ ನಾನು ಆ ಕೈಯನ್ನು ನಡುವೆಯೇ ಹಿಡಿದುಕೊಂಡೆ.

“ಕಾಕು, ಖರೆ ಹೇಳು. ಆವತ್ತ ಕೊಡ್ಲಿ ಮುಂದ ಆ ಮಾತ ನೀ ಯಾರಿಗಿ ಕೇಳಿಸಿದ್ದಿ, ಗಿಡಕ್ಕೋ ಕಾಕಾಗೋ?”